ತಪಾಸಣೆ ಬೇಡವೆನ್ನಿ, ಮಸುಕು ಚಿತ್ರವೇ ಸಾಕೆನ್ನಬೇಡಿ

ಜಿಲ್ಲಾ ಮಟ್ಟದಲ್ಲಿ ಮ್ಯಾಮೊಗ್ರಾಂ ತೆಗೆಯುವ ಕಡೆಯಲ್ಲೆಲ್ಲ ಹಳೆಯ ಕ್ಯಾಸೆಟ್ ಪದ್ಧತಿ ಬಿಟ್ಟು ಒಳ್ಳೆಯ ಡಿಟೆಕ್ಟರ್ ಕೂರಿಸಬೇಕು ಎಂದು ಹಿಂದೊಮ್ಮೆ ವಾದಿಸಿದ್ದೆ. ಅದಕ್ಕೆ ಬಂದ ಆಕ್ಷೇಪಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ತಮಾಷೆ ಕಾಣುತ್ತದೆ. ಈ ಯಂತ್ರ ಇಲ್ಲದ ಕಾಯಿಲೆಯನ್ನು ಹುಡುಕಿ ತೆಗೆಯುತ್ತದೆ ಎಂದು ಒಬ್ಬರು. ಇರುವ ಕಾಯಿಲೆಯನ್ನೇ ಅದು ಕಾಣುವುದಿಲ್ಲ ಎಂದು ಇನ್ನೊಬ್ಬರು. ಅದೇ ಕಾಯಿಲೆ ತರುತ್ತದೆ ಎಂದು ಮೂರನೆಯವರು. ಈ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರೆ ನನ್ನ ಅರ್ಧ ಕೆಲಸ ಅವರೇ ಮುಗಿಸುತ್ತಿದ್ದರು.

ಆದರೂ ಬರೆದವರಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವಂಥವರಲ್ಲ. ಜೀವಮಾನವೆಲ್ಲ ಕತ್ತರಿ ಹಿಡಿದ ಶಸ್ತ್ರಚಿಕಿತ್ಸಕರಿದ್ದಾರೆ, ಹಳ್ಳಿಹಳ್ಳಿ ತಿರುಗಿದ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿದ್ದಾರೆ, ಆಸ್ಪತ್ರೆಯ ಖರ್ಚುವೆಚ್ಚ ನೋಡುವವರಿದ್ದಾರೆ. ಎಕ್ಸ್-ರೇ ಯಂತ್ರಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕಸುಬು. ನನ್ನ ಮಾತು ಆ ಕಸುಬಿನ ಮಿತಿಯೊಳಗಿನದು, ಅಷ್ಟೇ ಖಚಿತವಾದದ್ದು ಕೂಡ. ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಎನ್ನುವುದು ಒಂದು ಜಗಳ. ತೆಗೆಯುವುದೆಂದು ತೀರ್ಮಾನವಾದ ಮೇಲೆ, ಆ ಹೆಣ್ಣುಮಗಳ ಮೈ ದಾಟಿ ಬಂದ ಕಿರಣದಲ್ಲಿ ಎಷ್ಟನ್ನು ಪೋಲು ಮಾಡುತ್ತೀರಿ ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೂಡಿದ ಬಾಣಗಳನ್ನು ಎರಡನೆಯದರ ಮೇಲೆ ಬಿಡುತ್ತಿದ್ದಾರೆ.

ಮೊದಲು ಖರ್ಚುವೆಚ್ಚದವರ ಆಕ್ಷೇಪ: "ನಮ್ಮಲ್ಲಿ ಆಗಲೇ ಡಿಜಿಟಲ್ ಇದೆಯಲ್ಲ, ಮತ್ತೇನು ಬದಲಾಯಿಸುವುದು?"

ಇದೆ ಎನ್ನುವುದು ಬೋರ್ಡಿನ ಮೇಲಿನ ಮಾತು. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬಂದರೆ ಅದನ್ನು ಡಿಜಿಟಲ್ ಎನ್ನುವ ರೂಢಿ ಬಿದ್ದಿದೆ. ಎಷ್ಟೋ ಕಡೆ ಅದರ ಹಿಂದಿರುವುದು ಸಿಆರ್ ಪದ್ಧತಿ. ಫಿಲ್ಮ್ ಇದ್ದ ಕ್ಯಾಸೆಟ್ಟಿನಲ್ಲಿ ಫಿಲ್ಮ್ ಬದಲು ಫಾಸ್ಫರ್ ಹಾಳೆ ಇರುತ್ತದೆ. ಕಿರಣ ಬಿಟ್ಟಾದ ಮೇಲೆ ಟೆಕ್ನಿಷಿಯನ್ ಆ ಕ್ಯಾಸೆಟ್ ತೆಗೆದು ಪಕ್ಕದ ರೀಡರಿಗೆ ತೂರಿಸುತ್ತಾರೆ, ಲೇಸರ್ ಹಾಳೆಯನ್ನು ಸಾಲುಸಾಲಾಗಿ ಕೆದಕುತ್ತದೆ, ಹೊಮ್ಮಿದ ಬೆಳಕು ಅಂಕಿಯಾಗುತ್ತದೆ. ತೊಂದರೆ ಇರುವುದು ಆ ಲೇಸರಿನಲ್ಲೇ. ಹಾಳೆಯೊಳಗೆ ಹೊಕ್ಕ ಬೆಳಕು ಅಕ್ಕಪಕ್ಕಕ್ಕೆ ಚೆದುರುತ್ತದೆ, ಹೊಮ್ಮುವ ಬೆಳಕಿನಲ್ಲಿ ಒಂದು ಪಾಲು ಹೊರಗೇ ಬರುವುದಿಲ್ಲ. ನೇರ ಡಿಜಿಟಲ್ ಎನ್ನುವ ಡಿಆರ್ ಪದ್ಧತಿಯಲ್ಲಿ ಇಂಥ ಮಧ್ಯವರ್ತಿಗಳು ಕಡಿಮೆ. ಒಂದು ಬಗೆಯಲ್ಲಿ ಸೀಸಿಯಂ ಅಯೊಡೈಡ್ ಸೂಜಿಯಂಥ ಹರಳುಗಳಾಗಿ ನಿಂತಿರುತ್ತದೆ. ಒಳಗೆ ಹುಟ್ಟಿದ ಬೆಳಕು ಸೂಜಿಗುಂಟ ಇಳಿದು ಕೆಳಗಿನ ಸಿಲಿಕಾನ್ ಪದರಕ್ಕೆ ಬೀಳುತ್ತದೆ. ಇನ್ನೊಂದು ಬಗೆಯಲ್ಲಿ ಬೆಳಕಿನ ಗೊಡವೆಯೇ ಇಲ್ಲ: ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪದ ಸೆಲೆನಿಯಂ ಪದರ ಎಕ್ಸ್-ರೇಯನ್ನು ಹೀರಿ ನೇರವಾಗಿ ವಿದ್ಯುದಂಶ ಮಾಡುತ್ತದೆ, ಹೆಚ್ಚಿನ ವೋಲ್ಟೇಜು ಅದನ್ನು ಅತ್ತಿತ್ತ ಹೋಗಗೊಡದೆ ಅದೇ ಚುಕ್ಕಿಗೆ ಎಳೆದುಕೊಳ್ಳುತ್ತದೆ.

ಇದು ಎಂಜಿನಿಯರುಗಳ ಹೆಚ್ಚುಗಾರಿಕೆಯ ಮಾತಲ್ಲ ಎಂದು ತೋರಿಸಿಕೊಟ್ಟದ್ದು ಕೆನಡಾದ ಒಂಟಾರಿಯೊ ಪ್ರಾಂತ. ಅಲ್ಲಿನ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಫಿಲ್ಮ್, ಸಿಆರ್, ಡಿಆರ್ ಮೂರೂ ಒಂದೇ ಕಾಲದಲ್ಲಿ ನಡೆಯುತ್ತಿದ್ದವು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. 2013ರಲ್ಲಿ ಪ್ರಕಟವಾದ ಲೆಕ್ಕದಂತೆ ಸಾವಿರ ತಪಾಸಣೆಗೆ ಫಿಲ್ಮ್ ಹಿಡಿದ ಕ್ಯಾನ್ಸರ್ 4.8, ಡಿಆರ್ ಹಿಡಿದದ್ದು 4.9, ಸಿಆರ್ ಹಿಡಿದದ್ದು 3.4. ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಕಳೆದು ನೋಡಿದರೂ ಸಿಆರ್ ಶೇ. 21ರಷ್ಟು ಹಿಂದೆ. ಅಂದರೆ ಫಿಲ್ಮ್ ಬಿಟ್ಟು ಸಿಆರ್‌ಗೆ ಹೋದ ಕೇಂದ್ರ ಮುಂದೆ ಹೋದೆನೆಂದುಕೊಂಡು ಹಿಂದೆ ಹೋಗಿತ್ತು. ಪ್ರಾಂತದ ಸರ್ಕಾರ ಸಿಆರ್ ಯಂತ್ರಗಳನ್ನು ತೆಗೆಸುವ ತೀರ್ಮಾನ ಮಾಡಿತು. ನಮ್ಮಲ್ಲಿ ಅದೇ ಪದ್ಧತಿಯನ್ನು ಇನ್ನೂ "ಡಿಜಿಟಲ್ ಸೌಲಭ್ಯ" ಎಂದು ಉದ್ಘಾಟಿಸುತ್ತೇವೆ.

ಕಣ್ಣಾರೆ ನೋಡಬೇಕೆನ್ನುವವರಿಗೆ ದಾರಿ ಸುಲಭ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಢಿಗೆ ತಂದ ಫ್ಯಾಂಟಮ್ ಒಂದಿದೆ. ಅಂಗೈಯಗಲದ ಅಕ್ರಿಲಿಕ್ ದಿಮ್ಮಿ. ಒತ್ತಿ ಹಿಡಿದ 4.2 ಸೆಂ.ಮೀ. ದಪ್ಪದ ಸ್ತನಕ್ಕೆ ಅದು ಸಮ. ಒಳಗಿನ ಮೇಣದ ಬಿಲ್ಲೆಯಲ್ಲಿ ಆರು ಎಳೆ, ಐದು ಗುಂಪು ಕಣ, ಐದು ಗುಂಡನೆಯ ತುಣುಕುಗಳನ್ನು ಹುದುಗಿಸಿರುತ್ತಾರೆ. ಕಣಗಳ ಗಾತ್ರ ಗುಂಪಿನಿಂದ ಗುಂಪಿಗೆ ಇಳಿಯುತ್ತದೆ: 0.54, 0.40, 0.32, 0.24, ಕೊನೆಗೆ 0.16 ಮಿ.ಮೀ. ನಾಲ್ಕು ಎಳೆ, ಮೂರು ಗುಂಪು ಕಣ, ಮೂರು ತುಣುಕು ಕಂಡರೆ ಪಾಸು. ಒಂದು ಊರಿನ ಸಿಆರ್ ಕೇಂದ್ರದಲ್ಲಿ ಆ ದಿಮ್ಮಿಯಿಟ್ಟು ಚಿತ್ರ ತೆಗೆಸಿದಾಗ ಎರಡನೇ ಗುಂಪು ಸ್ಪಷ್ಟವಾಗಿತ್ತು. ಮೂರನೆಯದರ ಚುಕ್ಕಿಗಳಲ್ಲಿ ಕೆಲವು ಇವೆಯೋ ನಾನೇ ಊಹಿಸಿಕೊಳ್ಳುತ್ತಿದ್ದೇನೋ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿದ್ದ ಟೆಕ್ನಿಷಿಯನ್ ಹುಡುಗಿ, "ಸರ್, ಬ್ರೈಟ್‌ನೆಸ್ ಸ್ವಲ್ಪ ಜಾಸ್ತಿ ಮಾಡ್ಲಾ?" ಎಂದಳು. ಮಾಡಿದಳು. ಚುಕ್ಕಿಗಳೂ ಬೆಳ್ಳಗಾದವು, ಸುತ್ತಲಿನ ಗದ್ದಲವೂ ಅಷ್ಟೇ ಬೆಳ್ಳಗಾಯಿತು. ಡಿಟೆಕ್ಟರಿನಲ್ಲಿ ಕಳೆದುಹೋದದ್ದು ಪರದೆಯ ಗುಂಡಿ ತಿರುಗಿಸಿದರೆ ಬರುವುದಿಲ್ಲ.

ಮೇಣದಲ್ಲಿರುವ ಆ ಕಣಗಳು ಯಾವುದರ ಪ್ರತಿನಿಧಿ ಎನ್ನುವುದನ್ನು ಮರೆಯಬಾರದು. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಬಹಳ ಸಲ ಗಡ್ಡೆಯಾಗಿ ಕಾಣುವುದಿಲ್ಲ, ಕ್ಯಾಲ್ಸಿಯಂನ ಸಣ್ಣ ಕಣಗಳ ಗುಂಪಾಗಿ ಕಾಣುತ್ತದೆ. ಅವು ದುಂಡಗಿವೆಯೋ ಮುರುಕುಮುರುಕಾಗಿವೆಯೋ, ಚೆದುರಿವೆಯೋ ನಾಳದ ಗುಂಟ ಸಾಲುಗಟ್ಟಿವೆಯೋ ಎಂಬುದರ ಮೇಲೆ ಬಯಾಪ್ಸಿ ಬೇಕೋ ಬೇಡವೋ ನಿರ್ಧಾರವಾಗುತ್ತದೆ. ಆಕಾರ ಕಾಣದಿದ್ದರೆ ವೈದ್ಯರು ಸುಮ್ಮನಿರುತ್ತಾರೆ ಅಂತಲ್ಲ. ಎಲ್ಲರಿಗೂ ಸೂಜಿ ಚುಚ್ಚಿಸುತ್ತಾರೆ, ಇಲ್ಲವೇ "ಆರು ತಿಂಗಳು ಬಿಟ್ಟು ಬನ್ನಿ" ಎನ್ನುತ್ತಾರೆ.

ಎರಡನೆಯದು ವಿಕಿರಣದ ಭಯ. ಇದರ ಬಗ್ಗೆ ಬರೆದವರೇ ಹೆಚ್ಚು, ಹಾಗಾಗಿ ಅಂಕಿಯಲ್ಲೇ ಮಾತಾಡೋಣ. ಎರಡೂ ಕಡೆಯ ಎರಡೆರಡು ಚಿತ್ರ ಸೇರಿ ಒಂದು ಮ್ಯಾಮೊಗ್ರಾಂನಿಂದ ದೇಹಕ್ಕೆ ಬೀಳುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ಭೂಮಿ, ಆಕಾಶ, ಗಾಳಿ, ಆಹಾರಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಎರಡು ತಿಂಗಳ ಬಾಬತ್ತು ಅನ್ನಿ. ಇದರಿಂದ ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ, ಯಾರೂ ಹೇಳಬಾರದು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಒಂದು ಲಕ್ಷ ಮಹಿಳೆಯರು 40ರಿಂದ 74ರವರೆಗೆ ಪ್ರತಿ ವರ್ಷ ಮ್ಯಾಮೊಗ್ರಾಂ ಮಾಡಿಸಿಕೊಂಡರೆ ಆ ಕಿರಣದಿಂದಲೇ 125 ಕ್ಯಾನ್ಸರ್ ಹುಟ್ಟಬಹುದು, 16 ಸಾವು ಆಗಬಹುದು. ತಪಾಸಣೆಯಿಂದ ತಪ್ಪುವ ಸಾವು 968. ಹದಿನಾರು ಎನ್ನುವುದು ಸಣ್ಣ ಸಂಖ್ಯೆಯಲ್ಲ, ಆ ಹದಿನಾರು ಮನೆಗಳಿಗೆ.

ಹಾಗಿದ್ದರೆ ಆ ಸಂಖ್ಯೆ ಇಳಿಸುವ ದಾರಿ ಯಾವುದು? ಭಯಪಡುವವರು ಇಲ್ಲಿ ನನ್ನ ಪಕ್ಷಕ್ಕೆ ಬರಬೇಕು. ಅಮೆರಿಕ, ಕೆನಡಾಗಳ 33 ಕೇಂದ್ರಗಳಲ್ಲಿ 49,528 ಮಹಿಳೆಯರನ್ನು ಫಿಲ್ಮ್‌ಗೂ ಡಿಜಿಟಲ್‌ಗೂ ಒಡ್ಡಿ ಹೋಲಿಸಿದ, ಎಟ್ಟಾ ಪಿಸಾನೊ ಮುಂದಾಳತ್ವದ ಅಧ್ಯಯನದಲ್ಲಿ ಒಂದು ಚಿತ್ರಕ್ಕೆ ಗ್ರಂಥಿ ಅಂಗಾಂಶಕ್ಕೆ ತಗಲಿದ ವಿಕಿರಣ ಫಿಲ್ಮ್‌ನಲ್ಲಿ ಸರಾಸರಿ 2.37 ಮಿಲಿಗ್ರೇ, ಡಿಜಿಟಲ್‌ನಲ್ಲಿ 1.86. ಶೇ. 22ರಷ್ಟು ಕಡಿಮೆ. ಸಿಆರ್ ಹಾಳೆಯಲ್ಲಿ ಅಷ್ಟೇ ಸ್ಪಷ್ಟತೆ ಬೇಕೆಂದರೆ ಕಿರಣ ಏರಿಸದೆ ಗತ್ಯಂತರವಿಲ್ಲ. ಡಿಟೆಕ್ಟರ್ ಎಷ್ಟು ದಡ್ಡವೋ ರೋಗಿಯ ಮೇಲೆ ಅಷ್ಟು ಕಿರಣ. ವಿಕಿರಣದ ಹೆಸರು ಹೇಳಿ ಡಿಟೆಕ್ಟರನ್ನು ವಿರೋಧಿಸುವ ತರ್ಕ ನನಗೆ ಇನ್ನೂ ಅರ್ಥವಾಗಿಲ್ಲ.

ಒಬ್ಬರು ಕೇರಳದ ಕರುನಾಗಪಳ್ಳಿಯ ಮೋನಜೈಟ್ ಮರಳಿನ ಕರಾವಳಿಯನ್ನು ಎತ್ತಿ ಹೇಳಿ ನನ್ನನ್ನು ಬೆಂಬಲಿಸಿದ್ದಾರೆ: ಅಲ್ಲಿ ನೈಸರ್ಗಿಕ ವಿಕಿರಣ ಹೆಚ್ಚಿದ್ದರೂ ಕ್ಯಾನ್ಸರ್ ಹೆಚ್ಚಿಲ್ಲವಲ್ಲ ಎಂದು. ಬೆಂಬಲಕ್ಕೆ ವಂದನೆ, ಆದರೆ ಆ ವಾದ ನನಗೆ ಬೇಡ. ಮೈಯೆಲ್ಲ ವರ್ಷವಿಡೀ ನಿಧಾನವಾಗಿ ತಗಲುವುದೂ ಒಂದೇ ಅಂಗಕ್ಕೆ ಕ್ಷಣದಲ್ಲಿ ತಗಲುವುದೂ ಒಂದಲ್ಲ.

ಇನ್ನು ಬಲವಾದ ಆಕ್ಷೇಪಕ್ಕೆ ಬರುತ್ತೇನೆ, ಅತಿರೋಗನಿರ್ಣಯದ್ದು. ಎಂದೂ ತೊಂದರೆ ಕೊಡದೆ ಹಾಗೇ ಇದ್ದುಬಿಡುತ್ತಿದ್ದ ಬೆಳವಣಿಗೆಯನ್ನು ಹುಡುಕಿ, ಕ್ಯಾನ್ಸರ್ ಎಂದು ಹೆಸರಿಟ್ಟು, ಕತ್ತರಿಸಿ, ಕಿರಣಕೊಟ್ಟು, ಆರೋಗ್ಯವಂತೆಯನ್ನು ರೋಗಿ ಮಾಡುವುದು. ಮಹಿಳಾ ಆರೋಗ್ಯ ಚಳವಳಿಯ ಗೆಳತಿಯೊಬ್ಬರು ಇದರ ಬಗ್ಗೆ ಬರೆದ ಪತ್ರ ನನಗೆ ಬಂದವುಗಳಲ್ಲೆಲ್ಲ ಚೆನ್ನಾಗಿತ್ತು. ಅವರು ಕೊಟ್ಟ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯ ಸ್ವತಂತ್ರ ಸಮಿತಿ 2012ರಲ್ಲಿ ಹೇಳಿದ್ದು ಇದು: 50 ವರ್ಷದ ಹತ್ತು ಸಾವಿರ ಮಹಿಳೆಯರನ್ನು ಇಪ್ಪತ್ತು ವರ್ಷ ತಪಾಸಣೆಗೆ ಕರೆದರೆ 43 ಸಾವು ತಪ್ಪುತ್ತದೆ, 129 ಮಂದಿಗೆ ಅನವಶ್ಯಕ ರೋಗನಿರ್ಣಯವಾಗುತ್ತದೆ. ಒಂದಕ್ಕೆ ಮೂರು. ಕೆನಡಾದ 89,835 ಮಹಿಳೆಯರ ಅಧ್ಯಯನ ಇನ್ನೂ ಕಠಿಣ: 25 ವರ್ಷಗಳ ನಂತರದ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದಾಗ, ಮ್ಯಾಮೊಗ್ರಾಂ ಇದ್ದ ಗುಂಪಿನಲ್ಲಿ ಸಾವು ಕಡಿಮೆಯಾಗಿಯೇ ಇರಲಿಲ್ಲ. ಅವು 1980ರ ದಶಕದ ಫಿಲ್ಮ್‌ಗಳು, ಗುಣಮಟ್ಟದ ಬಗ್ಗೆ ಅಂದೇ ತಕರಾರಿತ್ತು ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಆದರೆ ಅಷ್ಟಕ್ಕೇ ಆ ಅಧ್ಯಯನ ಬಿದ್ದುಹೋಗುವುದಿಲ್ಲ.

ಒಳ್ಳೆಯ ಡಿಟೆಕ್ಟರ್ ಬಂದರೆ ನಾಳದೊಳಗಿನ ಕಣಗಳು ಹೆಚ್ಚು ಕಾಣುತ್ತವೆ, ಅತಿರೋಗನಿರ್ಣಯ ಹೆಚ್ಚಬಹುದು ಎಂದು ಅವರು ಬರೆದದ್ದೂ ಸರಿ. ನನ್ನ ಭಿನ್ನಾಭಿಪ್ರಾಯ ಇಲ್ಲಿಂದ ಶುರು. ಮೊದಲನೆಯದಾಗಿ ಆ ಲೆಕ್ಕಗಳೆಲ್ಲ ಯಾವ ತೊಂದರೆಯೂ ಇಲ್ಲದವರನ್ನು ಮನೆಯಿಂದ ಕರೆದು ಪರೀಕ್ಷಿಸುವ ದೇಶಗಳವು. ಭಾರತದಲ್ಲಿ ಅಂಥ ರಾಷ್ಟ್ರೀಯ ಮ್ಯಾಮೊಗ್ರಾಂ ಕಾರ್ಯಕ್ರಮವೇ ಇಲ್ಲ. ಜಿಲ್ಲಾಸ್ಪತ್ರೆಯ ಮ್ಯಾಮೊಗ್ರಾಂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರು ಹೆಚ್ಚಾಗಿ ಗಂಟು ಕೈಗೆ ಸಿಕ್ಕವರು, ತೊಟ್ಟಿನಿಂದ ರಕ್ತ ಕಂಡವರು, ತಂಗಿಯನ್ನೋ ತಾಯಿಯನ್ನೋ ಇದೇ ರೋಗಕ್ಕೆ ಕಳೆದುಕೊಂಡವರು. ಗಂಟು ಇದೆ ಎನ್ನುವುದು ಅವರಿಗೆ ಮೊದಲೇ ಗೊತ್ತು. ಅದರ ಅಂಚು ನಯವೋ ಮುಳ್ಳುಮುಳ್ಳೋ, ಪಕ್ಕದಲ್ಲಿ ಇನ್ನೊಂದಿದೆಯೋ, ಇನ್ನೊಂದು ಸ್ತನ ಸರಿಯಿದೆಯೋ ಎಂದು ಶಸ್ತ್ರಚಿಕಿತ್ಸಕರು ಕೇಳುತ್ತಾರೆ. ಇಡೀ ಸ್ತನ ತೆಗೆಯಬೇಕೋ ಗಡ್ಡೆಯಷ್ಟನ್ನೇ ತೆಗೆದು ಉಳಿಸಬಹುದೋ ಎನ್ನುವ ಮಾತು ಈ ಉತ್ತರದ ಮೇಲೂ ನಿಂತಿದೆ. ಬ್ರಿಟನ್ನಿನ ಅತಿರೋಗನಿರ್ಣಯದ ಅಂಕಿ ತಂದು ಈ ಬೆಂಚಿನ ಮೇಲಿನವರಿಗೆ ಮಸುಕು ಚಿತ್ರ ಕೊಡುವುದು ನ್ಯಾಯವಲ್ಲ.

ಎರಡನೆಯದಾಗಿ, ಕಂಡದ್ದನ್ನೆಲ್ಲ ಕತ್ತರಿಸುವುದು ಡಿಟೆಕ್ಟರಿನ ತಪ್ಪಲ್ಲ. ಅಪಾಯ ಕಡಿಮೆಯಿರುವ ನಾಳದೊಳಗಿನ ಕ್ಯಾನ್ಸರಿಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕೇ, ಕಾಯುತ್ತ ನೋಡಬಹುದೇ ಎಂದು ಅಮೆರಿಕದಲ್ಲಿ ಕಾಮೆಟ್ ಎನ್ನುವ ಪ್ರಯೋಗ ನಡೆದಿದೆ. 957 ಮಹಿಳೆಯರು. 2024ರ ಡಿಸೆಂಬರಿನಲ್ಲಿ ಬಂದ ಮೊದಲ ಫಲಿತಾಂಶ: ಎರಡು ವರ್ಷದಲ್ಲಿ ಅದೇ ಸ್ತನದಲ್ಲಿ ಹರಡುವ ಬಗೆಯ ಕ್ಯಾನ್ಸರ್ ಕಂಡದ್ದು ರೂಢಿಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 5.9, ಕಾದು ನೋಡಿದ ಗುಂಪಿನಲ್ಲಿ ಶೇ. 4.2. ಎರಡು ವರ್ಷ ಸಾಲದು, ಇನ್ನೂ ನೋಡಬೇಕು. ಆದರೂ ಅತಿಚಿಕಿತ್ಸೆಯಿಂದ ಹೊರಬರುವ ದಾರಿ ಈ ದಿಕ್ಕಿನಲ್ಲಿದೆ. ಈ ದಾರಿಯಲ್ಲಿ ನಡೆಯಬೇಕಾದರೆ ಕಳೆದ ಸಲದ ಚಿತ್ರದ ಕಣಗಳನ್ನೂ ಈ ಸಲದ ಕಣಗಳನ್ನೂ ಪಕ್ಕಪಕ್ಕ ಇಟ್ಟು, ಒಂದಾದರೂ ಹೊಸದು ಬಂದಿದೆಯೇ ಎಂದು ಹೇಳುವಷ್ಟು ಚಿತ್ರ ತಿಳಿಯಾಗಿರಬೇಕು. ಕತ್ತರಿ ಕಡಿಮೆಯಾಗಲಿ ಎನ್ನುವ ಗೆಳತಿಗೇ ಒಳ್ಳೆಯ ಡಿಟೆಕ್ಟರ್ ಹೆಚ್ಚು ಬೇಕು.

"ಬಡದೇಶಕ್ಕೆ ಕೈಯೇ ಸಾಕು" ಎನ್ನುವ ವಾದದ ಹಿಂದೆ ಗಟ್ಟಿ ಕೆಲಸವಿದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಶುರುಮಾಡಿ 1,51,538 ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶ: ಒಟ್ಟಾರೆ ಸಾವು ಶೇ. 15ರಷ್ಟು ಕಡಿಮೆಯಾಗಿ ಕಂಡರೂ ಅದು ಅಂಕಿಶಾಸ್ತ್ರದ ಒರೆಗಲ್ಲಿಗೆ ನಿಲ್ಲಲಿಲ್ಲ. 50 ದಾಟಿದವರಲ್ಲಿ ಮಾತ್ರ ಶೇ. 30ರ ಆಸುಪಾಸು ಇಳಿಯಿತು. ಜಗತ್ತಿಗೆ ನಾವು ಹೆಮ್ಮೆಯಿಂದ ತೋರಿಸಬಹುದಾದ ಕೆಲಸ ಇದು. ನಮ್ಮ ಸರ್ಕಾರದ 2016ರ ಮಾರ್ಗಸೂಚಿಯೂ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಕೈ ಪರೀಕ್ಷೆಯನ್ನೇ ಹೇಳುತ್ತದೆ. ಹೇಳುವುದು ಹೇಳಿತು, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡೆ ಎಂದವರು ಶೇ. 0.9.

ಇಲ್ಲಿ ಜಗಳ ಯಾವುದರ ಮೇಲೆ? ಮುಂಬೈಯಲ್ಲಿ ಕಾರ್ಯಕರ್ತೆಯ ಕೈಗೆ ಅನುಮಾನ ಬಂದ ಮೇಲೆ ಆ ಮಹಿಳೆಯನ್ನು ಕಳಿಸಿದ್ದು ಟಾಟಾ ಆಸ್ಪತ್ರೆಗೆ, ಮುಂದಿನ ಪರೀಕ್ಷೆಗಳಿಗೆ. ಕೈ ಕೆಲಸ ಮಾಡಿತು, ಯಾಕೆಂದರೆ ಕೈಯ ಹಿಂದೆ ಒಂದು ದೊಡ್ಡ ಆಸ್ಪತ್ರೆ ನಿಂತಿತ್ತು. ನಮ್ಮ ಆಶಾ ಕಾರ್ಯಕರ್ತೆ ಕಳಿಸಿಕೊಡುವ ಹೆಣ್ಣುಮಗಳು ಹೋಗುವುದೆಲ್ಲಿಗೆ? ಜಿಲ್ಲಾಸ್ಪತ್ರೆಯ ಚಿತ್ರ "ಸ್ಪಷ್ಟವಿಲ್ಲ, ಮೇಲಿನ ಆಸ್ಪತ್ರೆಗೆ" ಎಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ಸು ಹತ್ತಬೇಕು. ಎಷ್ಟು ಜನ ಹತ್ತುತ್ತಾರೆ ಎಂದು ಕೈ ಪರೀಕ್ಷೆಯ ಪರವಾಗಿ ಬರೆದವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗೆಯೇ "ಮನೆಯಲ್ಲೇ ತಿಂಗಳಿಗೊಮ್ಮೆ ತಾವೇ ನೋಡಿಕೊಂಡರಾಯಿತು" ಎನ್ನುವವರು ಶಾಂಘೈ ಜವಳಿ ಗಿರಣಿಗಳ ಪ್ರಯೋಗವನ್ನು ಒಮ್ಮೆ ನೋಡಬೇಕು. 2,66,064 ಕಾರ್ಮಿಕ ಮಹಿಳೆಯರು. ಅರ್ಧದಷ್ಟು ಜನರಿಗೆ ಸ್ವಯಂ ಪರೀಕ್ಷೆಯನ್ನು ಶ್ರದ್ಧೆಯಿಂದ ಕಲಿಸಿ, ಮತ್ತೆಮತ್ತೆ ನೆನಪಿಸಿದರು. 2002ರ ವರದಿ: ಸಾವಿನಲ್ಲಿ ವ್ಯತ್ಯಾಸವಿಲ್ಲ, ಅಪಾಯವಿಲ್ಲದ ಗಂಟುಗಳ ಬಯಾಪ್ಸಿ ಮಾತ್ರ ಹೆಚ್ಚಾಯಿತು. ತನ್ನ ಮೈಯ ಬದಲಾವಣೆ ತನಗೆ ತಿಳಿದಿರುವುದು ಒಳ್ಳೆಯದೇ. ಅದನ್ನೇ ಒಂದು ಕಾರ್ಯಕ್ರಮ ಎಂದುಕೊಂಡು ಕೈ ತೊಳೆದುಕೊಳ್ಳಬಾರದು.

"ಇದೆಲ್ಲ ಕಂಪನಿಗಳ ಆಟ. ಫೋನಿನ ಕ್ಯಾಮೆರಾದಂತೆ ವರ್ಷಕ್ಕೊಂದು ಹೊಸ ಡಿಟೆಕ್ಟರ್." ಈ ಸಂಶಯ ಆರೋಗ್ಯಕರ, ಇರಲಿ. ಪಿಕ್ಸೆಲ್ ಸಣ್ಣದಾದಷ್ಟೂ ಚಿತ್ರ ಚೆನ್ನ ಎಂದು ಮಾರುವವರ ಮಾತು ಅರ್ಧ ಸುಳ್ಳು ಎಂದು ನಾನೂ ಹೇಳುತ್ತೇನೆ. ಚುಕ್ಕಿ ಸಣ್ಣದಾದರೆ ಅದಕ್ಕೆ ಬೀಳುವ ಕಿರಣವೂ ಕಡಿಮೆ, ಗದ್ದಲ ಹೆಚ್ಚು. ಕೇಳಬೇಕಾದ ಅಳತೆ ಡಿಕ್ಯುಇ: ಬಂದ ಕಿರಣದಲ್ಲಿದ್ದ ಮಾಹಿತಿಯಲ್ಲಿ ಚಿತ್ರಕ್ಕೆ ಎಷ್ಟು ತಲುಪಿತು ಎನ್ನುವುದು. ಮಾರಾಟದ ಬಣ್ಣದ ಕಾಗದದಲ್ಲಿ ಪಿಕ್ಸೆಲ್ ದಪ್ಪಕ್ಷರದಲ್ಲಿರುತ್ತದೆ, ಡಿಕ್ಯುಇ ಕೊನೆಯ ಪುಟದಲ್ಲಿ, ಇದ್ದರೆ.

ಹಾಗೆಂದು ಹೊಸದೆಲ್ಲ ಆಟವಲ್ಲ. ಆಗ ನಾನು ಹೊಗಳಿದ್ದ, ಫೋಟಾನ್ ಎಣಿಸುವ ಡಿಟೆಕ್ಟರನ್ನು "ಸರ್ಕಸ್" ಎಂದು ಕರೆದವರಿಗೆ ಸ್ವಲ್ಪ ವಿವರಿಸಬೇಕು. ಈಗಿನ ಬಹುತೇಕ ಡಿಟೆಕ್ಟರುಗಳು ಪ್ರತಿ ಚುಕ್ಕಿಯಲ್ಲಿ ಸೇರಿದ ಒಟ್ಟು ವಿದ್ಯುದಂಶವನ್ನು ಅಳೆಯುತ್ತವೆ. ದೇವಸ್ಥಾನದ ಹುಂಡಿ ತೆರೆದಾಗ ನಾಣ್ಯ ಎಣಿಸದೆ ಹುಂಡಿಯನ್ನೇ ತಕ್ಕಡಿಗೆ ಏರಿಸಿದ ಹಾಗೆ: ಬಾಡಿದ ಹೂವು, ಧೂಳು, ಹರಕೆಯ ಚೀಟಿ ಎಲ್ಲ ತೂಕಕ್ಕೆ ಸೇರುತ್ತದೆ, ಭಾರದ ನಾಣ್ಯಕ್ಕೆ ಹೆಚ್ಚು ಬೆಲೆ, ಹಗುರದ್ದಕ್ಕೆ ಕಡಿಮೆ. ಫೋಟಾನ್ ಎಣಿಸುವ ಡಿಟೆಕ್ಟರ್ ಒಂದೊಂದನ್ನೇ ಎಣಿಸುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿನ ವಿದ್ಯುತ್ ಗದ್ದಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ತನದಲ್ಲಿ ಗ್ರಂಥಿಗೂ ಗಡ್ಡೆಗೂ ಎಕ್ಸ್-ರೇ ಹೀರುವುದರಲ್ಲಿ ಇರುವ ವ್ಯತ್ಯಾಸ ತೀರಾ ಕಡಿಮೆ. ಆ ವ್ಯತ್ಯಾಸದ ಸುಳಿವು ಹೆಚ್ಚಾಗಿ ಇರುವುದು ಶಕ್ತಿ ಕಡಿಮೆಯಿರುವ ಫೋಟಾನುಗಳಲ್ಲಿ. ತಕ್ಕಡಿ ಅವನ್ನೇ ಕಡೆಗಣಿಸುತ್ತದೆ. ಎಣಿಕೆಯವನು ಕಡೆಗಣಿಸುವುದಿಲ್ಲ, ಬೇಕಾದರೆ ಹೆಚ್ಚು ಮತ್ತು ಕಡಿಮೆ ಶಕ್ತಿಯವನ್ನು ಬೇರೆಬೇರೆ ಗುಡ್ಡೆ ಮಾಡಿ ಕೊಡುತ್ತಾನೆ.

ಸ್ವೀಡನ್ನಿನ ಲಿನ್‌ಶೋಪಿಂಗ್‌ನ ಸೆಕ್ಟ್ರಾ ಕಂಪನಿ, ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಭೌತವಿಜ್ಞಾನವನ್ನು ಆಧರಿಸಿ ಸಿಲಿಕಾನ್ ಪಟ್ಟಿಗಳನ್ನು ಕಿರಣಕ್ಕೆ ಅಂಚುಕೊಟ್ಟು ನಿಲ್ಲಿಸಿ ಇಂಥ ಮ್ಯಾಮೊಗ್ರಫಿ ಯಂತ್ರ ಮಾಡಿತು. ಅದರ ಹೆಗ್ಗಳಿಕೆಯೇ ಕಡಿಮೆ ವಿಕಿರಣ. 2011ರಲ್ಲಿ ಫಿಲಿಪ್ಸ್ ಅದನ್ನು ಕೊಂಡಿತು, ಮುಂದೆ ಆ ಯಂತ್ರವನ್ನೇ ಕೈಬಿಟ್ಟಿತು. ಎಲ್ಲವೂ ಲಾಭಕ್ಕಾಗಿ ಮಾರುಕಟ್ಟೆ ನೂಕುವ ಸರಕು ಎನ್ನುವವರು ಇದಕ್ಕೆ ಏನನ್ನುತ್ತಾರೆ? ಮಾರುಕಟ್ಟೆ ಒಳ್ಳೆಯದನ್ನೂ ಬಿಸಾಡುತ್ತದೆ. ಅದಕ್ಕಾಗಿಯೇ ಏನು ಬೇಕು ಎನ್ನುವುದನ್ನು ಕೊಳ್ಳುವವರು ತೀರ್ಮಾನಿಸಬೇಕು, ಮಾರುವವರಲ್ಲ. ಆ ಭೌತವಿಜ್ಞಾನ ಮಾತ್ರ ಸತ್ತಿಲ್ಲ: ಜರ್ಮನಿಯ ಎರ್ಲಾಂಗೆನ್‌ನವರು ಕ್ಯಾಡ್ಮಿಯಂ ಟೆಲ್ಯುರೈಡ್ ಡಿಟೆಕ್ಟರಿನಿಂದ ಫೋಟಾನ್ ಎಣಿಸುವ ಸ್ತನ ಸಿಟಿ ಮಾಡಿದ್ದಾರೆ. ಮಹಿಳೆ ಬೋರಲಾಗಿ ಮಲಗುತ್ತಾಳೆ, ಒತ್ತಿ ಹಿಡಿಯುವ ನೋವೇ ಇಲ್ಲ. ಜ್ಯೂರಿಕ್‌ನ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಅದು 2018ರಿಂದ ಇದೆ. ನಮ್ಮ ಜಿಲ್ಲಾಸ್ಪತ್ರೆಗೆ ಇದನ್ನು ನಾನು ಕೇಳುತ್ತಿಲ್ಲ.

ಪದರಪದರವಾಗಿ ತೋರಿಸುವ ಟೊಮೊಸಿಂಥೆಸಿಸ್ ಬಗ್ಗೆಯೂ ಆತುರ ಬೇಡ ಎಂದೇ ನನ್ನ ಅಭಿಪ್ರಾಯ. ಸ್ವೀಡನ್ನಿನ ಮಾಲ್ಮೊದಲ್ಲಿ ಸಾವಿರಕ್ಕೆ 6.5 ಇದ್ದ ಪತ್ತೆ 8.7ಕ್ಕೆ ಏರಿತು, ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಹರಡುವ ಬಗೆಯ ಕ್ಯಾನ್ಸರಿನ ಪತ್ತೆ 4.8ರಿಂದ 7.1ಕ್ಕೆ, ನಾರ್ವೆಯ ಬರ್ಗೆನ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ.

"ನಮ್ಮವರಿಗೆ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ಚಿಕ್ಕವರ ಸ್ತನ ಗಟ್ಟಿ, ಮ್ಯಾಮೊಗ್ರಾಂನಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ, ಹಾಗಾಗಿ ಯಂತ್ರವೇ ದಂಡ." ಗ್ರಂಥಿ ಹೆಚ್ಚಿದ್ದಲ್ಲಿ ಗಡ್ಡೆಯೂ ಗ್ರಂಥಿಯೂ ಎರಡೂ ಬೆಳ್ಳಗೆ, ನಿಜ. ಅದಕ್ಕೇ ಪಿಸಾನೊ ಅಧ್ಯಯನವನ್ನು ಮತ್ತೆ ಓದಬೇಕು: ಎಲ್ಲರನ್ನೂ ಸೇರಿಸಿದರೆ ಫಿಲ್ಮ್‌ಗೂ ಡಿಜಿಟಲ್‌ಗೂ ವ್ಯತ್ಯಾಸವಿರಲಿಲ್ಲ, 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಮುಟ್ಟು ನಿಲ್ಲದವರಲ್ಲಿ, ಗಟ್ಟಿ ಸ್ತನದವರಲ್ಲಿ ಡಿಜಿಟಲ್ ಮೇಲಾಯಿತು. ಅಂದರೆ ಡಿಟೆಕ್ಟರ್ ಸುಧಾರಿಸಿದ್ದರ ಲಾಭ ಸಿಕ್ಕಿದ್ದೇ ನಮ್ಮ ಹೆಣ್ಣುಮಕ್ಕಳಂಥವರಿಗೆ. ಅಷ್ಟಕ್ಕೂ ಸಾಲದಿದ್ದರೆ ಅಲ್ಟ್ರಾಸೌಂಡ್ ಜೊತೆಗಿರಲಿ. ಜಪಾನಿನಲ್ಲಿ 40ರ ಹರೆಯದ 72,998 ಮಹಿಳೆಯರಲ್ಲಿ ನಡೆಸಿದ ಪ್ರಯೋಗದಲ್ಲಿ ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್ ಸೇರಿಸಿದಾಗ ನೂರು ಕ್ಯಾನ್ಸರಿನಲ್ಲಿ 91 ಸಿಕ್ಕವು, ಮ್ಯಾಮೊಗ್ರಾಂ ಒಂದೇ ಇದ್ದಾಗ 77. ಜೊತೆಗೆ ಎನ್ನುವುದನ್ನು ಗಮನಿಸಿ, ಬದಲಿಗೆ ಅಲ್ಲ. ಕ್ಯಾಲ್ಸಿಯಂ ಕಣ ಕಾಣುವುದರಲ್ಲಿ ಅಲ್ಟ್ರಾಸೌಂಡ್ ಹಿಂದೆ. ಅದೂ ಅಲ್ಲದೆ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹಳ್ಳಿಗೆ ಒಯ್ಯುವಂತಿಲ್ಲ. ಆ ಕಾಯ್ದೆ ಬೇಕಾದದ್ದೇ.

ಮೈಯ ಶಾಖದ ಚಿತ್ರ ತೆಗೆದರೆ ಸಾಕು, ಎಕ್ಸ್-ರೇಯೇ ಬೇಡ ಎಂದು ಬರೆದವರಿಗೆ ಚಿಕ್ಕ ಉತ್ತರ. ಚರ್ಮದ ಮೇಲಿನ ಶಾಖ ನಾಳದೊಳಗಿನ 0.3 ಮಿ.ಮೀ. ಕಣವನ್ನು ತೋರಿಸುವುದಿಲ್ಲ. ಅದು ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಎಫ್‌ಡಿಎ ಒಂದಕ್ಕಿಂತ ಹೆಚ್ಚು ಸಲ ಸಾರ್ವಜನಿಕರನ್ನು ಎಚ್ಚರಿಸಿದೆ.

ಕೃತಕ ಬುದ್ಧಿಮತ್ತೆ ಬಂದಿರುವಾಗ ಹಳೆಯ ಯಂತ್ರವೇ ಸಾಕು, ತಂತ್ರಾಂಶ ಸರಿಮಾಡಿಕೊಳ್ಳುತ್ತದೆ ಎಂದು ತರುಣ ಎಂಜಿನಿಯರೊಬ್ಬರು ಉತ್ಸಾಹದಿಂದ ಬರೆದಿದ್ದಾರೆ. ಅವರು ಉದಾಹರಿಸಿದ ಸ್ವೀಡನ್ನಿನ ಮಸಾಯ್ ಪ್ರಯೋಗ ನಿಜಕ್ಕೂ ಚೆನ್ನಾಗಿದೆ: 2023ರ ಮೊದಲ ವರದಿಯಲ್ಲಿ ಚಿತ್ರ ಓದುವ ಹೊರೆ ಶೇ. 44ರಷ್ಟು ಇಳಿದಿತ್ತು, ಪತ್ತೆ ಕಡಿಮೆಯಾಗಿರಲಿಲ್ಲ. ರೇಡಿಯಾಲಜಿಸ್ಟರು ಸಾಕಷ್ಟಿಲ್ಲದ ನಮಗೆ ಇದು ಬಹಳ ಮುಖ್ಯ. ಆದರೆ ಆ ಬುದ್ಧಿ ಓದಿದ್ದು ಸ್ವೀಡನ್ನಿನ ತಿಳಿಯಾದ ಡಿಜಿಟಲ್ ಚಿತ್ರಗಳನ್ನು. ಚಿತ್ರಕ್ಕೆ ಬಂದೇ ಇಲ್ಲದ ಕಣವನ್ನು ತಂತ್ರಾಂಶ ಕಂಡೆ ಎಂದರೆ, ಅದನ್ನು ಕಂಡದ್ದು ಎನ್ನಬೇಕೋ ಕಲ್ಪಿಸಿಕೊಂಡದ್ದು ಎನ್ನಬೇಕೋ?

ಉಳಿದದ್ದು ದುಡ್ಡಿನ ಮಾತು. "ಬಯಾಪ್ಸಿ ವರದಿಗೆ ವಾರಗಟ್ಟಲೆ ಕಾಯಬೇಕು, ಪೆಥಾಲಜಿಸ್ಟ್ ಹುದ್ದೆ ಖಾಲಿ, ಕೀಮೋಗೆ ಹಾಸಿಗೆಯಿಲ್ಲ. ಮೊದಲು ಅದನ್ನು ಸರಿಮಾಡಿ." 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98 ಸಾವಿರದಷ್ಟು ಮಂದಿ ತೀರಿಕೊಂಡರು. ಬಂದವರ ಸಂಖ್ಯೆಯ ಅರ್ಧದಷ್ಟು ಸಾವು. ಇದನ್ನು ಡಿಟೆಕ್ಟರ್ ಒಂದೇ ಸರಿಮಾಡುವುದಿಲ್ಲ. ತಡವಾಗಿ ಬರುವುದು, ಅರ್ಧಕ್ಕೆ ಚಿಕಿತ್ಸೆ ಬಿಡುವುದು, ದುಡ್ಡಿಲ್ಲದಿರುವುದು ಎಲ್ಲ ಸೇರಿವೆ. ಪೆಥಾಲಜಿಸ್ಟ್ ಮೊದಲೋ ಡಿಟೆಕ್ಟರ್ ಮೊದಲೋ ಎಂದು ಒಂದನ್ನೇ ಆರಿಸಬೇಕಾದ ಸಂದರ್ಭ ಬಂದರೆ ನಾನು ಪೆಥಾಲಜಿಸ್ಟ್ ಎನ್ನುತ್ತೇನೆ. ಆದರೆ ವಾಸ್ತವದಲ್ಲಿ ಆಯ್ಕೆ ಹಾಗೆ ಬರುವುದಿಲ್ಲ. ಯಂತ್ರ ಹೇಗೂ ಕೊಳ್ಳುತ್ತಾರೆ. ಟೆಂಡರಿನಲ್ಲಿ "ಡಿಜಿಟಲ್ ಮ್ಯಾಮೊಗ್ರಫಿ ಯಂತ್ರ, ಒಂದು" ಎಂದು ಬರೆದುಬಿಟ್ಟರೆ ಕಡಿಮೆ ದರದವರು ಗೆಲ್ಲುತ್ತಾರೆ, ಕ್ಯಾಸೆಟ್ ಮತ್ತು ರೀಡರ್ ಬಂದು ಕೂರುತ್ತದೆ, ಹತ್ತು ವರ್ಷ ಅದೇ ಗತಿ. ಮಸುಕು ಚಿತ್ರದಿಂದ ಹುಟ್ಟುವ ಬೇಡದ ಬಯಾಪ್ಸಿಗಳೆಲ್ಲ ಹೋಗಿ ಸೇರುವುದು ಆ ಖಾಲಿ ಹುದ್ದೆಯ ಪೆಥಾಲಜಿಸ್ಟರ ಮೇಜಿಗೇ.

ಹಾಗಾಗಿ ನಾನು ಕೇಳುತ್ತಿರುವುದು ಟೆಂಡರಿನ ಕೆಲವು ಸಾಲುಗಳು. ಡಿಟೆಕ್ಟರ್ ನೇರ ಡಿಜಿಟಲ್ ಆಗಿರಬೇಕು, ಕ್ಯಾಸೆಟ್ ಪದ್ಧತಿ ಒಪ್ಪಿತವಲ್ಲ ಎಂದು ಬಿಡಿಸಿ ಬರೆಯಲಿ. ಡಿಕ್ಯುಇ ಅಂಕಿ ಕೇಳಲಿ. ಹಣ ಪಾವತಿಗೆ ಮುಂಚೆ ಫ್ಯಾಂಟಮ್ ಚಿತ್ರ ಅಲ್ಲೇ, ಆ ಕೋಣೆಯಲ್ಲೇ, ಆಸ್ಪತ್ರೆಯ ರೇಡಿಯಾಲಜಿಸ್ಟ್ ಎದುರು ಪಾಸಾಗಲಿ. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಡಿಟೆಕ್ಟರ್ ಬದಲಿಯೂ ಸೇರಲಿ, ಯಾಕೆಂದರೆ ಕೆಟ್ಟರೆ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ. ಇನ್ನೊಂದು, ಟೆಂಡರ್ ಬರೆಯುವವರಿಗೆ ಎಂದೂ ಹೊಳೆಯದ್ದು: ಸೆಲೆನಿಯಂ ಪದರಕ್ಕೆ ಶಾಖ ಆಗದು, ಕೋಣೆ ಬಿಸಿಯೇರಿದರೆ ಅದು ಹರಳುಗಟ್ಟಿ ಹಾಳಾಗುತ್ತದೆ, ಯಂತ್ರ ಆರಿಸಿಟ್ಟಿದ್ದರೂ ಅಷ್ಟೇ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಭಾನುವಾರ ಬೀಗ ಹಾಕಿ ಹೋದ ಕೋಣೆಯಲ್ಲಿ ಕರೆಂಟು ಹೋದರೆ ಏನಾದೀತೆಂದು ಊಹಿಸಿಕೊಳ್ಳಿ. ಆ ಜಿಲ್ಲೆಗಳಿಗೆ ಸೀಸಿಯಂ ಅಯೊಡೈಡ್ ಬಗೆಯದ್ದನ್ನೇ ಕೊಳ್ಳಲಿ. ಸೆಲೆನಿಯಂ ಕೊಂಡರೆ ಜನರೇಟರ್ ಸಂಪರ್ಕ ಯಂತ್ರಕ್ಕೆ ಮಾತ್ರವಲ್ಲ, ಆ ಕೋಣೆಯ ಎಸಿಗೂ ಕೊಡಲಿ, ಭಾನುವಾರವೂ ಸೇರಿ.